ದ್ರಾಕ್ಷಿ ತೋಟದ ನಾಯಿಗೆ ದ್ರಾಕ್ಷಿ ಬ್ಯಾಡ

ಶೆಡ್ಡಿನ್ಯಾಗ ಒಣದ್ರಾಕ್ಷಿ ಆರಿಸೋ ಕೆಲಸ ಜೋರಾಗಿ ನಡದದ. ಕಪ್ಪಾದದ್ದು, ಒಡದದ್ದು, ಕಡ್ಡಿ ಕೂಡಿದ್ದು ಎಲ್ಲಾ ಶೆಡ್ಡಿನ ಹಿಂದ ಸುರೀತೀವಿ. ಅಲ್ಲೇ ನಾಯಿ ಮಲಗಿರ್ತದ. ಕೆಲಸಕ್ಕ ಬಂದವರು ಪ್ರೀತಿಯಿಂದ ಅದರ ಮುಂದೂ ಒಂದು ಹಿಡಿ ಹಾಕ್ತಾರ. ಇದನ್ನ ನಿಲ್ಲಿಸ್ರಿ. ಸಿಟ್ಟು ಬಂದ್ರೂ ಪೂರಾ ಓದ್ರಿ.

ಹಸಿ ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಗೆ ವಿಷ. ತಿಂದ ದಿನವೇ ವಾಂತಿ ಶುರು ಆಗ್ತದ, ಆಮ್ಯಾಲ ಕೂಳು ಬಿಡ್ತದ, ಮಂಕಾಗಿ ಮೂಲಿ ಹಿಡೀತದ. ಒಂದರಿಂದ ಮೂರು ದಿನದಾಗ ಕಿಡ್ನಿ ಕೈಕೊಡಬಹುದು. ಬಹಳ ವರ್ಷ ಇದರ ಕಾರಣ ಗೊತ್ತಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರು ದ್ರಾಕ್ಷಿಯ ಟಾರ್ಟಾರಿಕ್ ಆಮ್ಲದ ಕಡೆ ಬೊಟ್ಟು ಮಾಡಿದ್ರು. ಹುಣಸಿಹಣ್ಣಿನ್ಯಾಗೂ ಇರೋದು ಇದೇ ಹುಳಿ, ಅದನ್ನೂ ಹಾಕಬ್ಯಾಡ್ರಿ.

"ನಮ್ಮ ನಾಯಿ ಮೂರು ಸೀಸನ್ ತಿಂದದ, ಏನೂ ಆಗಿಲ್ಲ" ಅಂತಾರ. ಆಗದೇ ಇರಬಹುದು. ಒಂದು ತೋಟದ ಹುಳಿ ಇನ್ನೊಂದು ತೋಟದ್ದಲ್ಲ, ಮಾಗಿದ್ದರದ್ದು ಮಾಗದ್ದರದ್ದಲ್ಲ. ಬ್ರಿಕ್ಸ್ ಮೀಟರ್ ಹಿಡಕೊಂಡು ಓಡಾಡೋ ನಮಗ ಇದನ್ನ ಯಾರೂ ಕಲಿಸಬೇಕಾಗಿಲ್ಲ. ಅದಕ್ಕೇ ಇಷ್ಟು ತಿಂದ್ರ ಚಿಂತಿಲ್ಲ ಅನ್ನೋ ಅಳತಿ ಇಲ್ಲ. ಒಣದ್ರಾಕ್ಷಿ ಅಂದ್ರ ಇನ್ನೂ ಕೆಟ್ಟದ್ದು. ನಾಲ್ಕು ಕಿಲೋ ಹಸಿದು ಒಣಗಿ ಒಂದು ಕಿಲೋ ಆಗಿರ್ತದ, ನೀರು ಹೋಗ್ತದ, ಹುಳಿ ಉಳೀತದ.

ಮತ್ತ, ಈ "ಏನೂ ಆಗಿಲ್ಲ" ಅನ್ನೋ ಲೆಕ್ಕ ಇಟ್ಟವರು ಯಾರು? ವಾಂತಿ ಮಾಡಿ ಎರಡು ದಿನ ಬಿದ್ದು ಸತ್ತ ನಾಯಿಯನ್ನ ನಾವು ದ್ರಾಕ್ಷಿ ಲೆಕ್ಕಕ್ಕ ಹಿಡದೇ ಇಲ್ಲ. ಹಾವು ಕಡೀತು ಅಂತೀವಿ. ಔಷಧ ಹೊಡದ ಡ್ರಮ್ಮಿನ ನೀರು ಕುಡೀತು ಅಂತೀವಿ. ಇಲ್ಲಾ, ಬಾಜೂ ಹೊಲದವ ವಿಷ ಹಾಕಿದ ಅಂತ ಬದುವಿನ ಜಗಳಕ್ಕ ಇನ್ನೊಂದು ಕಟಗಿ ಒಟ್ಟತೀವಿ. ಹಳ್ಳಿ ನಾಯಿ ಕಲ್ಲೂ ಕರಗಿಸ್ತದ ಅನ್ನೋರಿಗೆ ಒಂದೇ ಮಾತು: ಕಿಡ್ನಿಗೆ ಜಾತಿ ಇಲ್ಲ.

ಇನ್ನ ಕೆಲವರು, "ಹಿಂಗೆಲ್ಲಾ ಬರದು ನಮ್ಮ ಮಾಲಿನ ಹೆಸರು ಕೆಡಿಸಬ್ಯಾಡ" ಅಂತಾರ. ಮನುಷ್ಯನ ಕಿಡ್ನಿ ಈ ಹುಳಿ ಹೊರಗ ಹಾಕ್ತದ, ನಾಯಿದಕ್ಕ ಅದು ಆಗೂದಿಲ್ಲ, ಅಷ್ಟೇ ವಿಷಯ. ಎಮ್ಮಿಗೆ ಹತ್ತಿಕಾಳು ತಿನಿಸ್ತೀವಿ, ನಾವು ತಿನ್ನೂದಿಲ್ಲ. ಅದರಿಂದ ಹತ್ತಿ ರೇಟು ಬಿದ್ದದೇನು? ರಾತ್ರಿಯೆಲ್ಲಾ ನಮ್ಮ ಮಾಲು ಕಾಯೋ ಜೀವಕ್ಕ ಅದೇ ಮಾಲು ವಿಷ ಅಂತ ಗೊತ್ತಿದ್ದೂ ಸುಮ್ಮನಿರು ಅಂದ್ರ ಅದು ಯಾವ ವ್ಯಾಪಾರ?

ಹಣ್ಣು ಹಾಕಲೇಬೇಕು ಅಂದ್ರ ಬ್ಯಾರೆ ಎಷ್ಟು ಇಲ್ಲ! ಸಿಪ್ಪಿ ತಗದ ಬಾಳೆಹಣ್ಣು, ಬೀಜ ತಗದ ಕಲ್ಲಂಗಡಿ, ಪಪ್ಪಾಯಿ, ಚಿಕ್ಕು, ಪೇರಲ. ಮಾವಿನಹಣ್ಣು ಆದ್ರ ತಿರುಳು ಮಾತ್ರ. ಗೊರಟ ಹಾಕಿದ್ರ ಕರುಳಿಗೆ ಸಿಕ್ಕೊಳ್ತದ, ಆಮ್ಯಾಲ ಆಪರೇಷನ್ನೇ. ಅದೂ ಎರಡು ತುಂಡು, ಬುಟ್ಟಿಗಟ್ಟಲೆ ಅಲ್ಲ. ಅದರ ಊಟ ರೊಟ್ಟಿ, ಹಾಲು, ತತ್ತಿ ಇರಲಿ.

ತಿಂದದ್ದು ಕಂಡ್ರ ವಾಂತಿ ಆಗ್ಲಿ ನೋಡೂಣು ಅಂತ ಕೂಡಬ್ಯಾಡ್ರಿ. ಎರಡು ತಾಸಿನ ಒಳಗ ಡಾಕ್ಟ್ರ ಕಡೆ ಒಯ್ದ್ರ ಅವರೇ ವಾಂತಿ ಮಾಡಿಸಿ ತಗೀತಾರ. ತಡ ಆದ್ರ ಎರಡು ದಿನ ಸಲೈನ್ ಹಚ್ಚಬೇಕಾಗ್ತದ, ಉಚ್ಚಿ ನಿಂತ ಮ್ಯಾಲ ಒಯ್ದ್ರ ಅವರ ಕೈಯಾಗೂ ಹೆಚ್ಚು ಉಳಿದಿರೂದಿಲ್ಲ. ಮನಿಯಾಗ ಉಪ್ಪುನೀರು ಕುಡಿಸೋ ರೂಢಿ ಅದ, ಅದಂತೂ ಬ್ಯಾಡೇ ಬ್ಯಾಡ. ಉಪ್ಪು ಜಾಸ್ತಿ ಆಗಿಯೂ ನಾಯಿ ಸಾಯ್ತದ.

ನಾಳೆ ಕೆಲಸಕ್ಕ ಬಂದವರಿಗೆ ಮೊದಲ ಇದನ್ನ ಹೇಳ್ರಿ. ಆರಿಸಿ ಬಿಟ್ಟ ಮಾಲನ್ನ ಚೀಲಕ್ಕ ತುಂಬಿ ಬಾಯಿ ಕಟ್ರಿ, ಇಲ್ಲಾ ತಿಪ್ಪ್ಯಾಗ ಹಾಕಿ ಮೊಳಕಾಲು ಆಳ ಮಣ್ಣು ಮುಚ್ರಿ. ಮ್ಯಾಲ ಮ್ಯಾಲ ಮುಚ್ಚಿದ್ರ ನಾಯಿ ಕೆದರಿ ತಗೀತದ.