ಫ್ಯಾನಿನ ಕೆಳಗೆ ಹುಟ್ಟಿದ ನಂಬರು

ಸೈಕಲ್ ತುಳಿಯೋರು ನಾಲ್ಕು ಜನ ಸೇರಿದ್ರೆ "ಈ ಭಾನುವಾರ ಎಲ್ಲಿಗೆ?" ಅಂತ ಮಾತು ಶುರುವಾಗ್ತಿತ್ತು. ಈಗ "ನಿಮ್ಮ ಎಫ್.ಟಿ.ಪಿ. ಎಷ್ಟು?" ಅಂತ ಶುರುವಾಗುತ್ತೆ. ಉತ್ತರ ಹೇಳಿದ್ರೆ ಹಿಂದೆಯೇ ಇನ್ನೊಂದು ಪ್ರಶ್ನೆ: "ಟ್ರೇನರ್ ಮೇಲೆ ಟೆಸ್ಟ್ ಮಾಡಿದ್ದಾ, ಇಲ್ಲಾ ಸುಮ್ನೆ ರೈಡ್ ನೋಡಿ ಹೇಳ್ತಿದೀರಾ?" ಆ "ಸುಮ್ನೆ" ಅನ್ನೋ ಪದದ ಮೇಲೇ ನನ್ನ ತಕರಾರು.

ಸೈಕಲ್ ಹುಚ್ಚು ಇಲ್ಲದವರಿಗೆ ಸ್ವಲ್ಪ ವಿವರಣೆ. ಎಫ್.ಟಿ.ಪಿ. ಅಂದ್ರೆ ಫಂಕ್ಷನಲ್ ಥ್ರೆಶೋಲ್ಡ್ ಪವರ್. ಸುಮಾರು ಒಂದು ಗಂಟೆ ಕಾಲ ಕುಸಿಯದೆ ನೀವು ಪೆಡಲಿಗೆ ಕೊಡಬಲ್ಲ ಅತಿ ಹೆಚ್ಚಿನ ವಾಟ್. ಇದನ್ನ ಪ್ರಚಾರಕ್ಕೆ ತಂದದ್ದು ಆಂಡ್ರ್ಯೂ ಕಾಗನ್. ಹಂಟರ್ ಆಲೆನ್ ಜೊತೆ ಅವರು ಬರೆದ ಪುಸ್ತಕ 2006ರಲ್ಲಿ ಬಂತು. ಗಂಟೆಗಟ್ಟಲೆ ಸಾಯೋಕೆ ಯಾರಿಗೂ ಇಷ್ಟ ಇಲ್ವಲ್ಲ, ಅದಕ್ಕೇ 20 ನಿಮಿಷ ಜೀವ ಬಿಟ್ಟು ತುಳಿದು ಸರಾಸರಿಯ 95% ತಗೊಳ್ಳಿ ಅನ್ನೋ ಶಾರ್ಟ್‌ಕಟ್ ಬಂತು. ಅದೂ ಕಷ್ಟ ಅನ್ನೋರಿಗೆ ರ‍್ಯಾಂಪ್ ಟೆಸ್ಟ್: ನಿಮಿಷಕ್ಕೊಮ್ಮೆ ಭಾರ ಏರಿಸ್ತಾ ಹೋಗಿ, ಕಾಲು ಕೈಕೊಟ್ಟಾಗ ಕೊನೆಯಲ್ಲಿ ಸಿಕ್ಕ ಒಂದು ನಿಮಿಷದ ಅತ್ಯುತ್ತಮ ವಾಟ್‌ನ 75%. ಒಂದು ಗಂಟೆಯ ತಾಕತ್ತನ್ನ ಒಂದು ನಿಮಿಷದಿಂದ ಊಹಿಸೋದು! ಇದನ್ನ "ಟೆಸ್ಟ್" ಅಂತೀವಿ, ಘಾಟಿಯಲ್ಲಿ ನಿಜವಾಗಿ ಮುಕ್ಕಾಲು ಗಂಟೆ ತುಳಿದದ್ದನ್ನ "ಅಂದಾಜು" ಅಂತೀವಿ. ತಮಾಷೆ ನೋಡಿ.

95% ಅನ್ನೋದು ಎಲ್ಲರಿಗೂ ಒಗ್ಗೋ ಸಂಖ್ಯೆಯೇನಲ್ಲ. ಇಬ್ಬರು ಸವಾರರು ಅಂದ್ಕೊಳ್ಳಿ. ಇಬ್ಬರೂ ದೀರ್ಘಕಾಲ ತಾಳಬಲ್ಲದ್ದು 220 ವಾಟ್. ಅದರ ಮೇಲೆ ಖರ್ಚು ಮಾಡೋಕೆ ಒಬ್ಬನ ಕಿಸೆಯಲ್ಲಿ 10 ಕಿಲೋಜೌಲ್ ಇದೆ, ಇನ್ನೊಬ್ಬ ಸ್ಪ್ರಿಂಟರ್, ಅವನಲ್ಲಿ 24. ಇಪ್ಪತ್ತು ನಿಮಿಷಕ್ಕೆ ಹಂಚಿದ್ರೆ ಮೊದಲನೆಯವನು 228 ವಾಟ್, ಎರಡನೆಯವನು 240 ವಾಟ್ ತುಳೀತಾನೆ. 95% ಹಾಕಿ: 217 ಮತ್ತು 228. ತಾಳಿಕೆ ಒಂದೇ, ನಂಬರಿನಲ್ಲಿ 11 ವಾಟ್ ವ್ಯತ್ಯಾಸ. ರ‍್ಯಾಂಪ್ ಟೆಸ್ಟ್‌ನಲ್ಲಿ ಸ್ಪ್ರಿಂಟರಿಗೆ ಇನ್ನೂ ಲಾಭ.

ಇನ್ನು ಕೋಣೆಯ ವಿಷಯ. ಮನುಷ್ಯನ ದೇಹ ಸುಡೋ ಶಕ್ತಿಯಲ್ಲಿ ಪೆಡಲಿಗೆ ಹೋಗೋದು 20-25% ಮಾತ್ರ. ಅಂದ್ರೆ 220 ವಾಟ್ ತುಳಿಯೋವಾಗ 700-800 ವಾಟ್ ಬಿಸಿಯಾಗಿ ಹೊರಗೆ ಬರ್ತಿರುತ್ತೆ. ಹೆಚ್ಚುಕಮ್ಮಿ ಒಂದು ಇಸ್ತ್ರಿ ಪೆಟ್ಟಿಗೆ! ರಸ್ತೆಯಲ್ಲಿ ಗಾಳಿ ಅದನ್ನ ಹೊತ್ಕೊಂಡು ಹೋಗುತ್ತೆ. ಮನೆಯ ಎರಡನೇ ರೂಮಿನಲ್ಲಿ ಸೀಲಿಂಗ್ ಫ್ಯಾನ್ ಕೆಳಗೆ ಬೆವರು ನೆಲಕ್ಕೆ ಬೀಳುತ್ತೆ, ಆರೋದಿಲ್ಲ. ಹೃದಯಕ್ಕೆ ಕಾಲಿಗೂ ರಕ್ತ ಕಳಿಸಬೇಕು, ಚರ್ಮಕ್ಕೂ ಕಳಿಸಬೇಕು. ವಾಟ್ ಬೀಳದೆ ಇನ್ನೇನಾಗುತ್ತೆ? ಸಾಲದ್ದಕ್ಕೆ ಸೈಕಲ್ಲನ್ನ ಕಬ್ಬಿಣಕ್ಕೆ ಕಟ್ಟಿ ಹಾಕಿರ್ತೀವಿ, ಅತ್ತಿತ್ತ ವಾಲಿಸಿ ತುಳಿಯೋ ಹಾಗಿಲ್ಲ. ಟ್ರೇನರ್‌ನ ಮೀಟರ್ ಒಂದು, ಹೊರಗೆ ಬಳಸೋ ಕ್ರ್ಯಾಂಕಿನ ಮೀಟರ್ ಇನ್ನೊಂದು. ಎರಡೂ ಒಂದೇ ಹೇಳಬೇಕು ಅಂತೇನಿಲ್ಲ.

"ಆದ್ರೆ ಕೋಣೆಯಲ್ಲಿ ಪ್ರತಿಸಲ ಒಂದೇ ಪರಿಸ್ಥಿತಿ ಇರುತ್ತಲ್ಲ ಸ್ವಾಮಿ, ಹೊರಗೆ ಸಿಗ್ನಲ್, ನಾಯಿ, ಹಂಪ್..." ಒಪ್ಪಿದೆ. ಹೋದ ತಿಂಗಳಿಗಿಂತ ಈ ತಿಂಗಳು ಸುಧಾರಿಸಿದ್ದೀನಾ ಅಂತ ನೋಡೋಕೆ ಕೋಣೆ ಒಳ್ಳೇದು. ಒಳಗಡೆಯೇ ತರಬೇತಿ ಮಾಡೋರು ಒಳಗಿನ ನಂಬರನ್ನೇ ಇಟ್ಕೊಳ್ಳಲಿ. ಆದ್ರೆ ಪ್ರತಿಸಲ ಒಂದೇ ಉತ್ತರ ಬರೋದು ಬೇರೆ, ಸರಿ ಉತ್ತರ ಬರೋದು ಬೇರೆ. ದಿನಾ ಹತ್ತು ನಿಮಿಷ ಹಿಂದೆ ಇರೋ ಗಡಿಯಾರವೂ ಬಹಳ ಶಿಸ್ತಿನದ್ದೇ. ನಮ್ಮ ಸಾಫ್ಟ್‌ವೇರ್ ಬಂಧುಗಳಿಗೆ ಹೇಳಬೇಕಾ? ಯೂನಿಟ್ ಟೆಸ್ಟ್ ಎಲ್ಲಾ ಹಸಿರು ಬಂತು ಅಂತ ಪ್ರೊಡಕ್ಷನ್ ಲಾಗ್ ನೋಡೋದನ್ನ ಬಿಡ್ತೀವಾ?

ಇದು ಬರೀ ವಾದದ ಚಪಲ ಅಲ್ಲ. ನನ್ನ ಆಫೀಸಿನ ಗೆಳೆಯನೊಬ್ಬ ಒಂದು ಸೈಕಲ್ ಗುಂಪಿಗೆ ಸೇರಿದ. ಅಲ್ಲಿ ರ‍್ಯಾಂಪ್ ಟೆಸ್ಟ್‌ನ ಸ್ಕ್ರೀನ್‌ಶಾಟ್ ಕಳಿಸಿದ್ರೆ ಮಾತ್ರ ಮುಂದಿನ ಬ್ಯಾಚು. ಏರಿನಲ್ಲಿ ಅವರಲ್ಲಿ ಅರ್ಧ ಜನಕ್ಕಿಂತ ಮುಂದಿರೋ ಇವನು ಹಿಂದಿನ ಬ್ಯಾಚಿನಲ್ಲಿ ಎರಡು ತಿಂಗಳು ಕಾಲು ಎಳೆದ. ಆಮೇಲೆ ಹೋಗೋದನ್ನೇ ನಿಲ್ಲಿಸಿದ. ಅವನಲ್ಲಿ ಇಲ್ಲದೇ ಇದ್ದದ್ದು ತಾಕತ್ತಲ್ಲ, ಹತ್ತಾರು ಸಾವಿರದ ಟ್ರೇನರ್.

ಹಾಗಾದ್ರೆ ಹೊರಗೆ ಅಳೆಯೋದು ಹೇಗೆ? ಪವರ್ ಮೀಟರ್ ಇದ್ರೆ ಎರಡು ಪ್ರಯತ್ನ ಸಾಕು, ಬೇರೆ ಬೇರೆ ದಿನ, ನಿಲ್ಲದೆ ತುಳಿಯಬಹುದಾದ ಏರಿನಲ್ಲಿ. ಐದು ನಿಮಿಷಕ್ಕೆ 280 ವಾಟ್ ಬಂತು, ಇಪ್ಪತ್ತು ನಿಮಿಷಕ್ಕೆ 235 ಬಂತು ಅನ್ನಿ. ಕೆಲಸ 84 ಮತ್ತು 282 ಕಿಲೋಜೌಲ್. ವ್ಯತ್ಯಾಸ 198, ಅದನ್ನ ಉಳಿದ 900 ಸೆಕೆಂಡಿಗೆ ಭಾಗಿಸಿ: 220 ವಾಟ್. ಇದಕ್ಕೆ ಕ್ರಿಟಿಕಲ್ ಪವರ್ ಅಂತಾರೆ, ಮೊನೊ ಮತ್ತು ಶೆರರ್ 1965ರಲ್ಲೇ ಕೊಟ್ಟ ವಿಚಾರ. ಎಫ್.ಟಿ.ಪಿ.ಗಿಂತ ಸಾಮಾನ್ಯವಾಗಿ ಒಂಚೂರು ಹೆಚ್ಚೇ ಬರುತ್ತೆ, ಆದ್ರೆ ಸ್ಪ್ರಿಂಟರಿನ ಮೋಸ ಇಲ್ಲಿ ನಡೆಯಲ್ಲ. ಹೊರಡೋ ಮುಂಚೆ ಮೀಟರನ್ನ ಸೊನ್ನೆಗೆ ತನ್ನಿ. ನಿಂತು ನಿಂತು ಹೋದ ಗುಂಪಿನ ರೈಡ್‌ನ ನಾರ್ಮಲೈಸ್ಡ್ ಪವರ್ ತೋರಿಸಿ ಬೀಗಬೇಡಿ, ಅದು ಉಬ್ಬಿದ ನಂಬರು.

ಮೀಟರ್ ಇಲ್ವಾ? ಬೇಜಾರಿಲ್ಲ. ನೀವು ಮತ್ತು ಸೈಕಲ್ ಸೇರಿ 80 ಕೆ.ಜಿ., 400 ಮೀಟರ್ ಎತ್ತರವನ್ನ 30 ನಿಮಿಷದಲ್ಲಿ ಹತ್ತಿದ್ರೆ ಗುರುತ್ವಾಕರ್ಷಣೆಗೇ ಸರಾಸರಿ 174 ವಾಟ್ ಕೊಟ್ಟಿದ್ದೀರಿ. ಟೈರು, ಗಾಳಿಗೆ ಇನ್ನೊಂದಿಷ್ಟು ಸೇರಿಸಿ. ಬೆಟ್ಟ ಚಂದಾ ಕೇಳಲ್ಲ, ಸ್ಕ್ರೀನ್‌ಶಾಟೂ ಕೇಳಲ್ಲ.

ಟೆಸ್ಟ್ ಬೇಡ ಅಂತ ನಾನು ಹೇಳ್ತಿಲ್ಲ. ರಸ್ತೆಯಲ್ಲಿ ತುಳಿಯೋನ ಯೋಗ್ಯತೆಯನ್ನ ರಸ್ತೆಯೇ ಹೇಳಲಿ ಅಂತಿದೀನಿ. ಟ್ರೇನರ್ ಪಂಡಿತರು ಯಾರಾದ್ರೂ ಇದನ್ನ ಓದ್ತಿದ್ರೆ ದಯವಿಟ್ಟು ಜಗಳಕ್ಕೆ ಬನ್ನಿ. ಕಾಮೆಂಟ್ ಪೆಟ್ಟಿಗೆ ತೆರೆದೇ ಇದೆ, ಇಲ್ಲಾಂದ್ರೆ ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ಬುಡದಲ್ಲಿ ಸಿಗ್ತೀನಿ :)