ಜೀಪಿಗೆ ಬಣ್ಣ, ಚರಿತ್ರೆಗೆ ಸುಣ್ಣ

ಹಳೆಯ ಜೀಪು ಕೊಂಡು ‘ರಿಸ್ಟೋರ್’ ಮಾಡಿಸುವ ಹುಚ್ಚು ನನ್ನ ವಾರಗೆಯವರಲ್ಲಿ ಜೋರಾಗಿದೆ. ಬೆಂಗಳೂರು, ಮೈಸೂರಿನಲ್ಲಿ ಕೆಲಸ ಹಿಡಿದ ಗೆಳೆಯರು ಶನಿವಾರ ಬಂತೆಂದರೆ ಕೊಳ್ಳೇಗಾಲ, ಹನೂರು, ಯಳಂದೂರಿನ ಕಡೆ ಹೊರಡುತ್ತಾರೆ. ಗ್ಯಾರೇಜುಗಳ ಹಿಂದೆ, ತೋಟದ ಮನೆಗಳ ಪಕ್ಕ ತುಕ್ಕು ಹಿಡಿದು ನಿಂತ ಮಹೀಂದ್ರಾ ಜೀಪುಗಳನ್ನು ಹುಡುಕುತ್ತಾರೆ. ಮಾದಪ್ಪನ ಕಥೆ, ಮಂಟೇಸ್ವಾಮಿ ಕಥೆ ಹಾಡುವವರನ್ನು ಹುಡುಕಿಕೊಂಡು ಸಂಶೋಧನೆಗಾಗಿ ಈ ಹಳ್ಳಿಗಳನ್ನು ಸುತ್ತಿರುವುದರಿಂದ ದಾರಿ ತೋರಿಸಲು ನನ್ನನ್ನೂ ಕರೆಯುತ್ತಾರೆ. ಹೋಗಿದ್ದೇನೆ, ವ್ಯಾಪಾರ ಕುದುರುವುದನ್ನೂ ಕಂಡಿದ್ದೇನೆ. ಕೊಂಡ ಮೇಲೆ ಆ ಗಾಡಿಗಳಿಗೆ ನಡೆಯುವುದು ಜೀರ್ಣೋದ್ಧಾರವಲ್ಲ, ವೇಷ ಕಟ್ಟುವ ಕೆಲಸ ಎಂಬುದು ನನ್ನ ತಕರಾರು.

ಮೊದಲು ಆ ವೇಷ ಯಾವುದೆಂದು ನೋಡೋಣ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಲಕ್ಷಗಟ್ಟಲೆ ಜೀಪುಗಳನ್ನು ತಯಾರಿಸಿದವು. 1947ರಲ್ಲಿ ಮಹೀಂದ್ರಾದವರು ವಿಲ್ಲೀಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸತೊಡಗಿದರು. ಆಮೇಲೆ ಅವರು ದಶಕಗಟ್ಟಲೆ ತಯಾರಿಸಿದ್ದು ಸಿಜೆ-3ಬಿ ಎಂಬ ಮಾದರಿ. ಎತ್ತರದ ಹರಿಕೇನ್ ಎಂಜಿನ್ ಹಿಡಿಸಲೆಂದು ಅದರ ಬಾನೆಟ್ಟನ್ನು ಎತ್ತರಿಸಿದ್ದರು. ಅದಕ್ಕೇ ಅದು ‘ಹೈ ಬಾನೆಟ್’. ಈಗಿನ ಹವ್ಯಾಸಿಗಳಿಗೆ ಆ ಎತ್ತರವೇ ಅವಮಾನ. ಬಾನೆಟ್ ಕತ್ತರಿಸಿ ತಗ್ಗಿಸುತ್ತಾರೆ, ಮಿಲಿಟರಿ ಹಸಿರು ಬಳಿಯುತ್ತಾರೆ, ಬಿಳಿಯ ನಕ್ಷತ್ರ ಬರೆಸುತ್ತಾರೆ. ಹನೂರು ಕಡೆ ಮೆಣಸಿನಕಾಯಿ ಮೂಟೆ ಹೊತ್ತ ಗಾಡಿ ಒಂದೇ ತಿಂಗಳಲ್ಲಿ ನಾರ್ಮಂಡಿಯ ಯೋಧನಾಗುತ್ತದೆ. ಹಿರಿಯ ಮೆಕ್ಯಾನಿಕ್ ಒಬ್ಬರು ನನ್ನ ಗೆಳೆಯನಿಗೆ ಹೇಳಿದರು: “ಇದು ಯುದ್ಧಕ್ಕೆ ಹೋದ ಗಾಡಿ ಅಲ್ಲ ಕಣಪ್ಪ, ಸಂತೆಗೆ ಹೋದ ಗಾಡಿ.” ಗೆಳೆಯ ನಕ್ಕ. ನನಗೆ ನಗು ಬರಲಿಲ್ಲ.

ಸಂತೆಗೆ ಹೋದದ್ದೇ ಆ ಗಾಡಿಯ ಚರಿತ್ರೆ. ಹಿಂದುಗಡೆ ಉದ್ದಕ್ಕೆ ಬೆಸೆದ ಕಬ್ಬಿಣದ ಬೆಂಚು, ಬಸ್ಸಿಲ್ಲದ ಊರುಗಳಿಂದ ಜನ ಒತ್ತರಿಸಿ ಕೂತು ಬಂದದ್ದಕ್ಕೆ ಸಾಕ್ಷಿ. ನೇತಾಡುವವರಿಗೆಂದು ಬೆಸೆದ ಸರಳು, ಮುಸುಕಿನ ಜೋಳದ, ಅರಿಶಿನದ ಭಾರಕ್ಕೆಂದು ಕೂಡಿಸಿದ ಹೆಚ್ಚಿನ ಪಟ್ಟಾ, ಕೊಳ್ಳೇಗಾಲದ ಮಾರುಕಟ್ಟೆಗೆ ರೇಷ್ಮೆಗೂಡು ಸಾಗಿಸುವಾಗ ಬಿಸಿಲು ತಾಕದಂತೆ ಕಟ್ಟಿದ ಟಾರ್ಪಾಲಿನ ಕೊಕ್ಕೆಗಳು, ಪೆಟ್ರೋಲಿನ ಬೆಲೆ ತಾಳಲಾರದೆ ಮೂಲ ಎಂಜಿನ್ ಇಳಿಸಿ ಕೂರಿಸಿದ ಡೀಸೆಲ್ ಎಂಜಿನ್. ಇವೆಲ್ಲ ಒಂದು ಸೀಮೆಯ ಆರ್ಥಿಕ ಇತಿಹಾಸದ ದಾಖಲೆಗಳು. ‘ರಿಸ್ಟೋರ್’ ಮಾಡಿಸುವವನು ಮೊದಲು ಗ್ಯಾಸ್ ಕಟರ್ ಹಿಡಿಯುವುದು ಇವುಗಳ ಮೇಲೇ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಬೇಗ ಅರ್ಥವಾಗಬೇಕು. ಯಳಂದೂರು ಸಂಚಿ ಹೊನ್ನಮ್ಮನ ಊರು. ‘ಹದಿಬದೆಯ ಧರ್ಮ’ದ ಓಲೆಪ್ರತಿಯೊಂದು ಸಿಕ್ಕಿತು ಅನ್ನಿ. ಅಂಚಿನಲ್ಲಿ ಯಾರೋ ಬರೆದ ಅಕ್ಷರವನ್ನು ಉಜ್ಜಿ ಅಳಿಸಿ, ಓಲೆಗೆ ಹೊಳಪು ಕೊಟ್ಟು, ‘ಮೂಲಕ್ಕೆ ತಂದಿದ್ದೇನೆ’ ಎಂದರೆ ಅವನನ್ನು ಸಂಪಾದಕ ಅನ್ನುತ್ತೀರಾ? ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಾದರೂ ಉಳಿಸು ಎಂದು ನಮಗೆ ಎಂ.ಎ.ಯಲ್ಲೇ ಕಲಿಸುತ್ತಾರೆ. ಹಾಡುಗಾರ ತನ್ನ ಊರಿನ ಮಾತು ಸೇರಿಸಿ ಹಾಡಿದರೆ ಅದನ್ನು ತಿದ್ದಬೇಡ ಅನ್ನುತ್ತಾರೆ. ಕಬ್ಬಿಣಕ್ಕೂ ಅಷ್ಟು ಮರ್ಯಾದೆ ಕೊಟ್ಟರೆ ನಷ್ಟವೇನು?

ಸರ್ಕಾರದ ಕಾನೂನೂ ಹವ್ಯಾಸಿಯ ಕಡೆಗೇ ವಾಲಿದೆ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ತಂದ ನಿಯಮದ ಪ್ರಕಾರ ‘ವಿಂಟೇಜ್’ ಅನ್ನಿಸಿಕೊಳ್ಳಲು ಗಾಡಿಗೆ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು, ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಅದನ್ನು ಬಳಸುವಂತಿಲ್ಲ. ಅಂದರೆ ಬದುಕಿಗೆ ತಕ್ಕಂತೆ ಬದಲಾದ ಗಾಡಿ ಪರಂಪರೆಯಲ್ಲ, ಪರಂಪರೆಯಾದ ಗಾಡಿ ದುಡಿಯುವಂತಿಲ್ಲ. ವಿಂಟೇಜ್ ನೋಂದಣಿಗೆ 20,000 ರೂಪಾಯಿ, ಅದು ಹತ್ತು ವರ್ಷಕ್ಕೆ. ಆಮೇಲಿನ ಮರುನೋಂದಣಿಗೆ 5,000. ಅದೇ 20 ವರ್ಷ ದಾಟಿದ ಜೀಪನ್ನು ಇನ್ನೂ ಓಡಿಸುತ್ತಿರುವ ರೈತ 2025ರ ಆಗಸ್ಟ್‌ನಲ್ಲಿ ಏರಿಸಿದ ದರದಂತೆ ಆರ್‌ಸಿ ನವೀಕರಣಕ್ಕೆ 10,000 ಕಟ್ಟಬೇಕು, ಅದೂ ಐದು ವರ್ಷಕ್ಕೊಮ್ಮೆ. ಷೋಕಿಗೆ ಬೆಣ್ಣೆ, ದುಡಿಮೆಗೆ ಸುಣ್ಣ.

ಇನ್ನು ‘ಆಫ್‌ರೋಡ್’ ಎಂಬ ಪದ. ಈ ಸೀಮೆಯಲ್ಲಿ ರಸ್ತೆ ಬಿಟ್ಟು ಇಳಿದರೆ ಬಹುತೇಕ ಸಿಗುವುದು ಕಾಡು. ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶ, ಇನ್ನೊಂದು ಕಡೆ ಮಲೆ ಮಹದೇಶ್ವರ ವನ್ಯಧಾಮ. ಅಲ್ಲಿ ಅನುಮತಿಯಿಲ್ಲದೆ ಗಾಡಿ ನುಗ್ಗಿಸುವುದು ಸಾಹಸವಲ್ಲ, ಅಪರಾಧ. ಮಾದಪ್ಪನ ಬೆಟ್ಟದ ಇಂಡಿಗನತ್ತ, ಮೆಂದಾರೆ, ತುಳಸಿಕೆರೆ, ಪಡಸಲನತ್ತದ ಜನಕ್ಕೆ ರಸ್ತೆಯಿಲ್ಲದಿರುವುದು ಆಟವಲ್ಲ. ಅಲ್ಲಿ ಗರ್ಭಿಣಿಯರನ್ನು, ರೋಗಿಗಳನ್ನು ಡೋಲಿ ಕಟ್ಟಿ ಹೊತ್ತು ತಂದದ್ದು ಎಷ್ಟೋ ಸಲ ಸುದ್ದಿಯಾಗಿದೆ. 2024ರ ಏಪ್ರಿಲ್ 26ರಂದು, ಲೋಕಸಭಾ ಚುನಾವಣೆಯ ದಿನ, ಮೂಲಸೌಕರ್ಯದ ಸಿಟ್ಟು ಇಂಡಿಗನತ್ತದಲ್ಲಿ ಮತಯಂತ್ರ ಪುಡಿಯಾಗುವ ಮಟ್ಟಕ್ಕೆ ಹೋಯಿತು, ಮರುಮತದಾನ ನಡೆಸಬೇಕಾಯಿತು. ಫೋರ್‌ವೀಲ್ ಡ್ರೈವ್ ಎಂಬುದು ಅಂಥ ಊರುಗಳಿಗೆ ಆಂಬುಲೆನ್ಸ್, ರೇಷನ್ ಗಾಡಿ, ಶಾಲೆಯ ವ್ಯಾನು ಎಲ್ಲವೂ. ಅದೇ ಯಂತ್ರಕ್ಕೆ ಕೆಸರಿನ ಹೊಂಡ ಹುಡುಕಿ ಕೊಡುವುದು ನಮಗೆ ವಾರಾಂತ್ಯದ ಮೋಜು.

‘ನಾವು ಕೊಳ್ಳದಿದ್ದರೆ ಅವು ಗುಜರಿಗೆ ಹೋಗುತ್ತವಲ್ಲ’ ಅನ್ನುತ್ತಾರೆ ಗೆಳೆಯರು. ಮಾತಿನಲ್ಲಿ ಸತ್ಯವಿದೆ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು ನವೀಕರಿಸಬಾರದೆಂಬ ನಿಯಮ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, ಇಲಾಖೆಗಳ ಎಷ್ಟೋ ಜೀಪುಗಳಿಗೆ ಗುಜರಿಯೇ ಗತಿ. ಆದರೆ ಗುಜರಿಗೆ ಹೋಗುವುದನ್ನು ತಪ್ಪಿಸಿದೆ ಎಂಬುದು ಬಾನೆಟ್ ಕತ್ತರಿಸಲು ಪರವಾನಗಿಯಲ್ಲ. ಸರಿಯಾದ ಮಾದರಿಯೂ ಇಲ್ಲೇ ಇದೆ. 1991ರ ನವೆಂಬರ್ 10ರಂದು ವೀರಪ್ಪನ್ ಕೈಯಲ್ಲಿ ಸತ್ತ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಗೋಪಿನಾಥಂ ಜನ ಇಂದಿಗೂ ನೆನೆಯುತ್ತಾರೆ. ಅವರು ಬಳಸುತ್ತಿದ್ದ ಜೀಪನ್ನು ಅರಣ್ಯ ಇಲಾಖೆ ದುರಸ್ತಿ ಮಾಡಿಸಿ ಅವರ ನೆನಪಿಗೆ ಉಳಿಸಿಕೊಂಡಿದೆ. ಆ ಗಾಡಿಯ ಬೆಲೆ ಇರುವುದು ಮಾಡೆಲ್ಲಿನಲ್ಲಲ್ಲ, ಅದರಲ್ಲಿ ಕೂತು ಯಾರು ಎಲ್ಲಿಗೆ ಹೋದರು ಎಂಬುದರಲ್ಲಿ.

ಹೆಸರಿಲ್ಲದ ಡ್ರೈವರುಗಳ ಜೀಪಿಗೂ ಅದೇ ಅಳತೆ ಸಲ್ಲಬೇಕು. ಕೊಳ್ಳಬೇಡಿ ಅನ್ನುತ್ತಿಲ್ಲ. ಕೊಳ್ಳುವಾಗ ಚಾಸಿ ನಂಬರು, ಎಂಜಿನ್ ನಂಬರು ಆರ್‌ಸಿಗೆ ತಾಳೆಯಾಗುತ್ತದೆಯೇ ಎಂದು ನೋಡುತ್ತೀರಲ್ಲ, ಹಾಗೆಯೇ ಅದನ್ನು ಓಡಿಸಿದವರನ್ನು ಕೂರಿಸಿಕೊಂಡು ಒಂದು ಗಂಟೆ ಮಾತಾಡಿಸಿ, ಬರೆದಿಟ್ಟುಕೊಳ್ಳಿ. ಬ್ರೇಕು, ಸ್ಟೀರಿಂಗು, ವೈರಿಂಗು ಹೊಸದು ಮಾಡಿಸಿ, ಅದು ಜೀವದ ಪ್ರಶ್ನೆ. ತುಕ್ಕು ತಿಂದ ತಗಡು ಬದಲಿಸಿ. ಆದರೆ ಬೆಂಚು ಬಿಡಿ, ಸರಳು ಬಿಡಿ, ಬಾನೆಟ್ಟಿನ ಎತ್ತರ ಬಿಡಿ, ಬಾಗಿಲ ಮೇಲೆ ಮಾಸಿದ ‘ಮಾದಪ್ಪನ ಕೃಪೆ’ಯನ್ನು ಬಿಡಿ. ಕೆಲಸವನ್ನು ಇಲ್ಲಿನ ಮೆಕ್ಯಾನಿಕ್ಕಿಗೇ ಕೊಡಿ, ಚೌಕಾಸಿ ಮಾಡದೆ ಕೂಲಿ ಕೊಡಿ. ಅಷ್ಟು ಮಾಡಲಾಗದಿದ್ದರೆ ಹೊಸ ಥಾರ್ ಕೊಳ್ಳಿ. ಅಳಿಸುವಂಥ ಚರಿತ್ರೆ ಅದಕ್ಕಿನ್ನೂ ಹುಟ್ಟಿಲ್ಲ.