ಹಿಂದೆ ನಿಲ್ಲುವವರು ಯಾರು?



ಏಳು ಜನರ ಫುಟ್ಬಾಲಿಗೆ ಮಕ್ಕಳ ತಂಡ ಕಟ್ಟುವಾಗ ನಮ್ಮ ಕಡೆ ಒಂದು ಸುಲಭದ ಲೆಕ್ಕವಿದೆ. ಚುರುಕಾದವರು ಮುಂದೆ, ಮೈಕಟ್ಟು ದೊಡ್ಡದಿರುವ ಇಬ್ಬರು ಹಿಂದೆ, ಓಡಲಾರದವನು ಗೋಲಿಗೆ. ಹಿಂದಿನವರಿಗೆ ಹೇಳುವ ಪಾಠ ಒಂದೇ: "ಅಲ್ಲೇ ನಿಲ್ಲು, ಚೆಂಡು ಬಂದರೆ ಜೋರಾಗಿ ಒದೆ." ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಈ ಲೆಕ್ಕ ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಇದರಿಂದ ಕಪ್ ಬರಬಹುದು, ಆಟಗಾರರು ಬರುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ. ಕೊಲ್ಹಾಪುರದ ಶಾಹು ಸ್ಟೇಡಿಯಂನಲ್ಲಿ ಪಾಟಾಕಡೀಲ, ಖಂಡೋಬಾ, ದಿಲ್‌ಬಹಾರ್ ತಾಲೀಮುಗಳ ಪಂದ್ಯವೆಂದರೆ ಪೇಟೆಗೆ ಪೇಟೆಯೇ ಅಲ್ಲಿರುತ್ತದೆ. ಗಡಹಿಂಗ್ಲಜದ ದೀಪಾವಳಿಗೆ ಫರಾಳದಷ್ಟೇ ಫುಟ್ಬಾಲ್ ಟೂರ್ನಿಯೂ ಬೇಕು. 2017ರಲ್ಲಿ ಭಾರತದಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಕೊಲ್ಹಾಪುರದ ಅನಿಕೇತ್ ಜಾಧವ್ ದೇಶದ ಪರ ಫಾರ್ವರ್ಡ್ ಆಗಿ ಆಡಿದರು. ಮಕ್ಕಳಿಗೆಲ್ಲ ಹಾಗೇ ಆಗುವ ಆಸೆ. ಅಂಥವರಿಗೆ ಹಿಂದೆ ನಿಲ್ಲು ಎಂದರೆ ಶಿಕ್ಷೆ ಕೊಟ್ಟಂತೆ. ಎರಡು ಬೇಸಿಗೆ ಅದೇ ಜಾಗದಲ್ಲಿ ನಿಂತ ಮಗು ಮೂರನೆಯ ಬೇಸಿಗೆಗೆ ಮೈದಾನಕ್ಕೆ ಬರುವುದೇ ಇಲ್ಲ.

ಹಾಗಾದರೆ ಡಿಫೆನ್ಸ್ ಬೇಡವೇ? ಬೇಕು, ಆದರೆ ಅದು ಇಬ್ಬರ ಕೆಲಸವಲ್ಲ. ಗೋಲ್‌ಕೀಪರ್ ಬಿಟ್ಟು 2-3-1 ಎಂದು ನಿಲ್ಲಿಸಿ ನೋಡಿ: ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಒಬ್ಬ. ಚೆಂಡು ಎದುರಾಳಿಯ ಕಾಲಿಗೆ ಹೋದ ಕೂಡಲೇ ಮೂರು ಕೆಲಸ ಆಗಬೇಕು. ಹತ್ತಿರವಿದ್ದವನು ಅವನ ಮೇಲೆ ಹೋಗಬೇಕು, ಆದರೆ ಕಾಲು ಹಾಕಲು ಅವಸರ ಮಾಡದೆ ದಾರಿ ಕಟ್ಟಬೇಕು. ಎರಡನೆಯವನು ಮೂರು ನಾಲ್ಕು ಹೆಜ್ಜೆ ಹಿಂದೆ, ಸ್ವಲ್ಪ ಓರೆಯಾಗಿ ನಿಲ್ಲಬೇಕು. ಉಳಿದವರು ದೂರದ ಅಂಚನ್ನು ಬಿಟ್ಟು ನಡುವಿಗೆ ಸರಿಯಬೇಕು. ಮೂವರನ್ನು ಗೆರೆ ಎಳೆದು ಜೋಡಿಸಿದರೆ ತ್ರಿಕೋನ ಕಾಣಬೇಕು. ಒಂದೇ ಸಾಲಾಗಿ ನಿಂತರೆ ಒಂದು ಪಾಸ್‌ಗೆ ಮೂವರೂ ಹೋದರು.

ಇದನ್ನು ನಮ್ಮ ಮಕ್ಕಳಿಗೆ ಕಬಡ್ಡಿಯಿಂದ ಹೇಳಿಕೊಡುವುದು ಸುಲಭ. ರೇಡರ್ ಬಂದಾಗ ಮೂಲೆಯವನು ಪಾದ ಹಿಡಿದರೆ ಸಾಲದು. ಪಕ್ಕದವನು ಕೂಡಲೇ ಕವರ್ ಕೊಡದಿದ್ದರೆ ಅವನನ್ನೂ ಎಳೆದುಕೊಂಡು ಗೆರೆ ಮುಟ್ಟುತ್ತಾನೆ. ಇಚಲಕರಂಜಿಯ ಹುಡುಗನಿಗೆ ಇದನ್ನು ಎರಡು ಸಲ ಹೇಳಬೇಕಿಲ್ಲ. ಮೈದಾನದಲ್ಲಿ ಮೂರು ಕೂಗು ಸಾಕು: "ಹೋಗು", "ಹಿಂದಿದ್ದೀನಿ", "ಒಳಗೆ ಬಾ". ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಆಡುವ ಮಕ್ಕಳು ಯಾವ ಭಾಷೆಯಲ್ಲಿ ಕೂಗಿದರೂ ಸರಿ, ಕೂಗಬೇಕು ಅಷ್ಟೇ.

ಇಟಲಿಯ ಅರಿಗೊ ಸಾಕಿ ಅವರ ಮಿಲಾನ್ ತಂಡ 1989 ಮತ್ತು 1990ರಲ್ಲಿ ಯುರೋಪಿಯನ್ ಕಪ್ ಗೆದ್ದದ್ದು ಹೀಗೆ ಇಡೀ ತಂಡ ಒಟ್ಟಿಗೆ ಸರಿಯುವುದನ್ನು ಕಲಿತೇ. ಚಪ್ಪಲಿಗೆ ಹೆಸರಾದ ಊರಿನವರಾದ ನಮಗೆ ಒಂದು ಸ್ವಾರಸ್ಯ: ಸಾಕಿ ಕೋಚ್ ಆಗುವ ಮೊದಲು ಪಾದರಕ್ಷೆ ವ್ಯಾಪಾರದಲ್ಲಿದ್ದರು. ವೃತ್ತಿಪರ ಆಟಗಾರರಂತೂ ಆಗಿರಲಿಲ್ಲ.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ, ಅದರಲ್ಲಿ ಅರ್ಥವೂ ಇದೆ. ಫುಟ್ಸಾಲ್‌ನಲ್ಲಿ ಆಫ್‌ಸೈಡ್ ಇಲ್ಲ. ಸಣ್ಣ ಮೈದಾನದ ಪಂದ್ಯಗಳಲ್ಲೂ ಅದನ್ನು ಬಿಟ್ಟು ಆಡುವುದುಂಟು. ಎಲ್ಲರೂ ಮುಂದೆ ಸರಿದರೆ ಗೋಲಿನ ಹತ್ತಿರ ಕಾದು ನಿಂತ ಎದುರಾಳಿಗೆ ಹಬ್ಬ. ನಿಜ, ಒಬ್ಬ ಹಿಂದೆ ಇರಲೇಬೇಕು. ಆದರೆ ಅವನು ಯಾವಾಗಲೂ ಅದೇ ಹುಡುಗ ಆಗಬೇಕೆಂದು ಯಾವ ನಿಯಮದಲ್ಲಿದೆ? ಅರ್ಧ ಪಂದ್ಯಕ್ಕೊಮ್ಮೆ ಜಾಗ ಬದಲಿಸಿ. ಹಿಂದೆ ಆಡಿದ ಫಾರ್ವರ್ಡ್‌ಗೆ ಡಿಫೆಂಡರ್‌ನ ಕಷ್ಟ ತಿಳಿಯುತ್ತದೆ. ಮುಂದೆ ಆಡಿದ ಡಿಫೆಂಡರ್‌ಗೆ ಫಾರ್ವರ್ಡ್ ಯಾವ ಕಡೆ ತಿರುಗುತ್ತಾನೆಂದು ಗೊತ್ತಾಗುತ್ತದೆ. ಹತ್ತು ವರ್ಷಕ್ಕೆ ಎತ್ತರವಿದ್ದ ಹುಡುಗ ಹದಿನೈದಕ್ಕೆ ಎಲ್ಲರಿಗಿಂತ ಎತ್ತರ ಇರಬೇಕೆಂದೂ ಇಲ್ಲ. ಆಗ ಒದೆಯುವುದೊಂದೇ ಕಲಿತವನ ಕೈಯಲ್ಲಿ ಏನು ಉಳಿಯುತ್ತದೆ?

ಹೀಗೆ ಬದಲಿಸುತ್ತ ಆಡಿದರೆ ಮೊದಮೊದಲು ಸೋಲುತ್ತೇವೆ. ಅದನ್ನು ಮುಚ್ಚಿಡುವುದಿಲ್ಲ. ಪಾಲಕರಲ್ಲಿ ನಮ್ಮ ಕೋರಿಕೆ ಇಷ್ಟೇ: ಗೆರೆಯ ಆಚೆಯಿಂದ "ಒದೆಯೋ, ಒದೆ!" ಎಂದು ಕೂಗಬೇಡಿ. ನಿಮ್ಮ ಮಗ ಆಗಷ್ಟೇ ತಲೆಯೆತ್ತಿ ಪಾಸ್ ಹುಡುಕುತ್ತಿರುತ್ತಾನೆ. ಮನೆಗೆ ಬಂದ ಮೇಲೆ "ಎಷ್ಟು ಗೋಲು ಹೊಡೆದೆ?" ಎನ್ನುವುದರ ಜೊತೆಗೆ "ಇವತ್ತು ಯಾರ ಹಿಂದೆ ನಿಂತಿದ್ದೆ?" ಎಂದೂ ಕೇಳಿ. ತಂಡದ ಹೆಣ್ಣುಮಕ್ಕಳಿಗೂ ಇದೇ ಪ್ರಶ್ನೆ.

ಭಾನುವಾರ ಪೂಜೆ ಮುಗಿದ ಮೇಲೆ ಮೈದಾನಕ್ಕೆ ಬನ್ನಿ. ಬೂಟು ಇಲ್ಲದಿದ್ದರೂ ನಡೆಯುತ್ತದೆ, ನೀರಿನ ಬಾಟಲಿ ಮರೆಯಬೇಡಿ.